ದೀಪ ಹೊತ್ತಿದರೆ ಮೂರನೇ ಗೇರು

ಜೂನ್ 4

ಅತ್ತೆಯವರಿಗೆ ನಮಸ್ಕಾರ.

ನನ್ನಿಂದ ಕಾಗದ ಬಂದದ್ದು ನೋಡಿ ನೀವು ಕನ್ನಡಕ ಒರೆಸಿಕೊಂಡಿರಬಹುದು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ನಾವಿಬ್ಬರು ಬೇಕಾದಷ್ಟೇ ಮಾತಾಡಿದವರು. ಇಲ್ಲಿಗೆ ವರ್ಗವಾಗಿ ಬಂದ ಮೇಲೂ ನಿಮ್ಮ ಮಗನಿಗೆ ಬರೆದ ಕಾಗದದ ಕೊನೆಯಲ್ಲಿ 'ಅಮ್ಮನ ಗಂಟಲು ಹೇಗಿದೆ' ಎಂದು ಒಂದು ಸಾಲು ಸೇರಿಸುತ್ತಿದ್ದೆ, ಅಷ್ಟೇ. ಬೆಟ್ಟದ ಮೇಲೆ ಸಿಗ್ನಲ್ ಸಿಗುವುದಿಲ್ಲ, ನನ್ನ ಮೊಬೈಲು ಈಗ ಗಡಿಯಾರದ ಕೆಲಸ ಮಾತ್ರ ಮಾಡುತ್ತಿದೆ. ಸಿಕ್ಕಿದ್ದರೂ ಈ ವಿಷಯವನ್ನು ಬಾಯಿಬಿಟ್ಟು ಕೇಳುವ ಧೈರ್ಯ ನನಗಿರಲಿಲ್ಲ.

ನನಗೆ ಕಾರು ಓಡಿಸುವುದನ್ನು ಹೇಳಿಕೊಡಿ.

ನೀವು ನಗುತ್ತೀರಿ ಎಂದು ಗೊತ್ತು. ಊರವರಿಗೆಲ್ಲ ಡ್ರೈವಿಂಗ್ ಕಲಿಸುತ್ತಿದ್ದವರು ನೀವು, ನನಗೆ ಲೈಸೆನ್ಸು ಕೊಡಿಸಿದವರೂ ನೀವೇ. ಅದು ಕೈಗೆ ಬಂದ ಮರುದಿನವೇ ಮಾರ್ಕೆಟ್ ಕ್ರಾಸಿನಲ್ಲಿ, ಹಿಂದೆ ಲಾರಿಗಳು ಸಾಲುಗಟ್ಟಿ ನಿಂತಿರುವಾಗ, "ನಿನಗೆ ಗಾಡಿ ಬರಲ್ಲ ಕಣೆ, ಇಳಿದು ಬಸ್ಸಿಗೆ ನಿಂತ್ಕೋ!" ಎಂದು ಇಡೀ ಮಾರ್ಕೆಟ್ಟಿಗೆ ಕೇಳುವಂತೆ ಕೂಗಿದವರೂ ನೀವೇ. ನಾನು ಎಂಜಿನ್ ಕೂಡ ಆರಿಸದೆ ಇಳಿದು ಮನೆಗೆ ನಡೆದುಬಿಟ್ಟೆ. ಆವತ್ತಿನಿಂದ ನಿನ್ನೆಯವರೆಗೆ ಸ್ಟೀರಿಂಗ್ ಮುಟ್ಟಿರಲಿಲ್ಲ. ಆ ಕೋಪ ಇನ್ನೂ ಪೂರ್ತಿ ಹೋಗಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಆದರೆ ಈಗ ಬೇರೆ ದಾರಿ ಇಲ್ಲ. ನಮ್ಮ ಆರೋಗ್ಯ ಕೇಂದ್ರಕ್ಕೆ ಯಾರೋ ಪುಣ್ಯಾತ್ಮರು ದಾನ ಕೊಟ್ಟ ಒಂದು ಹಳೆಯ ಉದ್ದನೆಯ ಕಾರಿದೆ. ಹಿಂದಿನ ಸೀಟು ಮಡಚಿದರೆ ಒಬ್ಬರು ಕಾಲು ಚಾಚಿ ಮಲಗಬಹುದು. ಆಪರೇಷನ್ ಮಾಡುವ ಆಸ್ಪತ್ರೆ ಬೆಟ್ಟದ ಬುಡದಲ್ಲಿದೆ, ನಡುವೆ ಬರೀ ಇಳಿಜಾರು ಮತ್ತು ತಿರುವುಗಳು. ಡ್ರೈವರ್ ಮಂಡಿನೋವೆಂದು ಕೆಲಸ ಬಿಟ್ಟು ಹೋದ. ಹೊಸಬರನ್ನು ಕೊಡುವುದಿಲ್ಲವಂತೆ. ಸಿಬ್ಬಂದಿಯಲ್ಲೇ ಯಾರಾದರೂ ಸೆಪ್ಟೆಂಬರ್ ಒಳಗೆ ಬೆಟ್ಟದ ರಸ್ತೆಯಲ್ಲಿ ಪರೀಕ್ಷೆ ಪಾಸು ಮಾಡದಿದ್ದರೆ ಕಾರನ್ನು ಕೆಳಗಿನ ಆಸ್ಪತ್ರೆಗೆ ಒಯ್ಯುತ್ತೇವೆಂದು ಮೇಲಧಿಕಾರಿ ತಿಳಿಸಿದ್ದಾರೆ. ಇಲ್ಲಿ ಲೈಸೆನ್ಸು ಇರುವುದು ನನಗೊಬ್ಬಳಿಗೇ. ಈ ಕಾಗದ ಒಯ್ಯುವ ಅಂಚೆಯಣ್ಣನ ಹೆಂಡತಿಗೆ ಅವಳಿ ಮಕ್ಕಳು, ಒಂದು ಅಡ್ಡ ತಿರುಗಿದೆ, ಸೆಪ್ಟೆಂಬರ್‌ನಲ್ಲಿ ಹೆರಿಗೆ. ಹೆರಿಗೆ ಮಾಡಿಸುವ ನರ್ಸ್ ನಾನು. ಅವಳನ್ನು ನನ್ನ ಕೈಯಲ್ಲಿ ಇಲ್ಲಿ ಹೆರಿಸಲಾಗದು ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.

ಕಾರು ಆಟೊಮ್ಯಾಟಿಕ್. ಕ್ಲಚ್ ಇಲ್ಲ. ಗೇರಿನ ಹಿಡಿಯ ಪಕ್ಕದಲ್ಲಿ ಹೆಬ್ಬೆರಳಿಗೆ ಸಿಗುವಂತೆ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಎದುರಿಗೆ ಒಂದು ಹಳದಿ ದೀಪ ಹೊತ್ತುತ್ತದೆ, ಮತ್ತೆ ಒತ್ತಿದರೆ ಆರುತ್ತದೆ. ಅದರ ಮೇಲಿದ್ದ ಅಕ್ಷರ ಅಳಿಸಿ ಹೋಗಿದೆ. ಹಳೇ ಡ್ರೈವರ್ ಹೋಗುವಾಗ, "ಅದು ಓವರ್‌ಡ್ರೈವ್ ಸಿಸ್ಟರ್, ಗೊತ್ತಿಲ್ದೆ ಒತ್ತಬೇಡಿ" ಎಂದಷ್ಟೇ ಹೇಳಿ ಬಸ್ಸು ಹತ್ತಿದ. ನಿನ್ನೆ ಸ್ವಲ್ಪ ದೂರ ಏರು ಹತ್ತಿಸಿ ನೋಡಿದೆ. ಕಾರು ಗುರ್ ಎನ್ನುತ್ತದೆ, ಸುಮ್ಮನಾಗುತ್ತದೆ, ಮತ್ತೆ ಗುರ್ ಎನ್ನುತ್ತದೆ. ಆ ಗುಂಡಿ ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಎಂದು ತಿಳಿಸಿ.

ಇಂತಿ,
ನಿಮ್ಮ ಸೊಸೆ


ಜೂನ್ 12

ಸೊಸೆಗೆ,

ಕಾಗದ ಬಂತು. ನಗಲಿಲ್ಲ. ಈಗ ನಕ್ಕರೆ ಕತ್ತಿನ ತೂತಿನಿಂದ ಗಾಳಿ ಬರುತ್ತದೆಯೇ ಹೊರತು ಸದ್ದು ಬರುವುದಿಲ್ಲ, ಅಂಥ ನಗುವಿನಲ್ಲಿ ಸ್ವಾರಸ್ಯ ಇಲ್ಲ.

ಕೋಪ ಇದ್ದರೆ ಇರಲಿ, ಇಟ್ಟುಕೋ. ಸ್ಟೀರಿಂಗ್ ಹಿಂದೆ ಕೂತಾಗ ಮಾತ್ರ ಪಕ್ಕಕ್ಕಿಡು. ಆ ದಿನ ನೀನು ಎಂಜಿನ್ ಆರಿಸದೆ ಇಳಿದೆ. ನಾನು ಪಕ್ಕದ ಸೀಟಿನಿಂದ ಗೇರುಕಡ್ಡಿ ದಾಟಿಕೊಂಡು ಈಚೆಗೆ ಬರುವಷ್ಟರಲ್ಲಿ ಸೆರಗು ಹ್ಯಾಂಡ್‌ಬ್ರೇಕಿಗೆ ಸಿಕ್ಕಿ, ಲಾರಿಯವರೆಲ್ಲ ಇಳಿದು ಬಂದು ತಮಾಷೆ ನೋಡಿದ್ದರು. ಅದು ನಿನಗೆ ಇಲ್ಲಿಯವರೆಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು.

ಆಟೊಮ್ಯಾಟಿಕ್ ಕಾರೆಂದರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ದೇವರು ಕೊಟ್ಟ ಎರಡು ಕಾಲಿನಲ್ಲಿ ಒಂದನ್ನು ಸುಮ್ಮನೆ ಕೂರಿಸುವ ಗಾಡಿ ಅದು. ಆದರೆ ಗೇರು ಎಲ್ಲಿದ್ದರೂ ಗೇರೇ. ಚಿಕ್ಕ ಗೇರಿನಲ್ಲಿ ಎಂಜಿನ್ ಜೋರಾಗಿ ಸುತ್ತಿ ಚಕ್ರಕ್ಕೆ ಬಲ ಕೊಡುತ್ತದೆ. ಮೇಲಿನ ಗೇರಿನಲ್ಲಿ ಎಂಜಿನ್ ನಿಧಾನ, ಚಕ್ರ ಜೋರು. ಓವರ್‌ಡ್ರೈವ್ ಎಂದರೆ ಎಲ್ಲಕ್ಕಿಂತ ಮೇಲಿನ ಗೇರು, ನಿನ್ನ ಕಾರಿನಲ್ಲಿ ನಾಲ್ಕನೆಯದು. ಅಗಲವಾದ ಸಮ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಿರುವಾಗ ಅದು ಇರಬೇಕು. ಎಂಜಿನ್ನಿಗೆ ಆಯಾಸವಿಲ್ಲ, ಪೆಟ್ರೋಲು ಉಳಿತಾಯ, ಸದ್ದೂ ಕಡಿಮೆ. ಸಮ ನೆಲದಲ್ಲಿ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಡೆದ ಹಾಗೆ. ಮೆಟ್ಟಿಲು ಬಂದರೆ ಕೈ ಬಿಚ್ಚಲೇಬೇಕು.

ಏರಿನಲ್ಲಿ ನಿನ್ನ ಕಾರು ಗುರುಗುಟ್ಟುವುದು ಅದಕ್ಕೇ. ನಾಲ್ಕಕ್ಕೆ ಹೋಗುತ್ತದೆ, ಬಲ ಸಾಲದೆ ಮೂರಕ್ಕೆ ಇಳಿಯುತ್ತದೆ, ಸ್ವಲ್ಪ ಉಸಿರು ಬಂದ ಕೂಡಲೆ ಮತ್ತೆ ನಾಲ್ಕಕ್ಕೆ ಹಾರುತ್ತದೆ. ಅಲ್ಲಿ ಓವರ್‌ಡ್ರೈವ್ ತೆಗೆದುಬಿಡು, ಮೂರರಲ್ಲೇ ನಿಂತು ಹತ್ತುತ್ತದೆ. ಇಳಿಜಾರಿನಲ್ಲೂ ತೆಗೆ. ಓವರ್‌ಡ್ರೈವ್‌ನಲ್ಲಿ ಇಳಿದರೆ ಎಂಜಿನ್ ಗಾಡಿಯನ್ನು ಹಿಡಿಯುವುದಿಲ್ಲ, ಎಲ್ಲ ಭಾರ ಬ್ರೇಕಿನ ಮೇಲೆ ಬಿದ್ದು ಅದು ಕಾದು ಕೈಕೊಡುತ್ತದೆ. ತೀರಾ ಕಡಿದಾದ ಕಡೆ ಹಿಡಿಯನ್ನು ಎರಡಕ್ಕೆ ಎಳೆ. ಮುಂದಿನ ಗಾಡಿ ದಾಟುವಾಗ, ಸಂತೆಯಂಥ ರಸ್ತೆಯಲ್ಲಿ ನಿಂತು ನಿಂತು ಹೋಗುವಾಗಲೂ ತೆಗೆಯುವುದೇ ಮೇಲು.

ಆ ದೀಪದ ವಿಷಯ. ಸಮ ರಸ್ತೆಯಲ್ಲಿ ದೀಪ ಹೊತ್ತಿರಲಿ. ಏರು ಬಂದಾಗ, ಇಳಿಜಾರು ಬಂದಾಗ ಗುಂಡಿ ಒತ್ತಿ ದೀಪ ಆರಿಸು.

ಇನ್ನೊಂದು ಮಾತು. ನಿನ್ನ ಎಡಗಾಲು ಕ್ಲಚ್ ಹುಡುಕಿಕೊಂಡು ಹೋಗಿ ಬ್ರೇಕನ್ನು ತುಳಿಯುತ್ತದೆ, ಬರೆದಿಟ್ಟುಕೋ. ಎಡಗಾಲಿನ ಚಪ್ಪಲಿ ಬಿಚ್ಚಿ ಕಾಲನ್ನು ಸೀಟಿನ ಕಡೆಗೆ ಎಳೆದುಕೊಂಡು ಕೂತು ಅಭ್ಯಾಸ ಮಾಡು. ದಿನಾ ಓಡಿಸು. ಒಂದು ದಿನವೂ ತಪ್ಪಿಸಬೇಡ.

ಅತ್ತೆ

(ಅಂಚೆಗೆ ಹಾಕು ಎಂದು ನನ್ನ ಕೈಗೆ ಕೊಟ್ಟಿದ್ದರಿಂದ ಕದ್ದು ಎರಡು ಸಾಲು. ಅಮ್ಮ ಇದನ್ನು ಬರೆಯುವುದಕ್ಕೆ ಮೂರು ಹಾಳೆ ಹರಿದಳು. ಗಂಟಲಿನ ಆಪರೇಷನ್ ಆಗಿ ದನಿ ಹೋದ ಮೇಲೆ ಇಷ್ಟು ಹುರುಪಿನಲ್ಲಿ ಕಂಡದ್ದು ಇದೇ ಮೊದಲು. ಊರೆಲ್ಲ ಬೆನ್ನ ಹಿಂದೆ ಹಾರ್ನಮ್ಮ ಎನ್ನುತ್ತಿದ್ದ ಹೆಂಗಸು ಬಾಗಿಲಿನ ಹೊರಗೆ ಕಾಲಿಡುತ್ತಿಲ್ಲ. ಕಲಿಸುವ ಕಾರಿನ ಮೇಲೆ ಹೊದಿಕೆ ಹಾಕಿಸಿಬಿಟ್ಟಿದ್ದಾಳೆ. ಮಲಗಿದರೆ ಉಸಿರು ನಿಂತುಬಿಡುತ್ತದೆಂದು ಹೆದರಿಕೆ, ಕುರ್ಚಿಯಲ್ಲೇ ಕೂತು ತೂಕಡಿಸುತ್ತಾಳೆ. ಡಾಕ್ಟರು ಏನೂ ಆಗುವುದಿಲ್ಲ ಎಂದರೂ ಕೇಳುವುದಿಲ್ಲ. ನೀನು ಆಗಾಗ ಬರೆಯುತ್ತಿರು. — ನಿನ್ನ ಟೈಲರ್)


ಜೂನ್ 27

ಅತ್ತೆಯವರಿಗೆ,

ನೀವು ಹೇಳಿದ್ದು ಕೂದಲೆಳೆಯಷ್ಟೂ ತಪ್ಪಲಿಲ್ಲ. ಎಡಗಾಲು ಮೊದಲ ದಿನವೇ ಕ್ಲಚ್ ಹುಡುಕಿತು. ಆರೋಗ್ಯ ಕೇಂದ್ರದ ಗೇಟಿನಲ್ಲೇ ಕಾರು ಗಕ್ಕನೆ ನಿಂತು, ಹಿಂದೆ ಕೂತಿದ್ದ ಅಂಚೆಯಣ್ಣ ಮುಂದಿನ ಸೀಟಿಗೆ ಬಂದುಬಿಟ್ಟರು. "ಸಿಸ್ಟರ್, ಮುಂದೆ ಬಾ ಅಂದಿದ್ರೆ ಬರ್ತಿದ್ನಲ್ಲ" ಎಂದರು. ಈಗ ಚಪ್ಪಲಿ ಬಿಚ್ಚಿ ಕೂರುತ್ತೇನೆ. ಕಾಲು ಬುದ್ಧಿ ಕಲಿತಿದೆ.

ದಿನಾ ಬೆಳಿಗ್ಗೆ ಹೊರರೋಗಿಗಳು ಬರುವ ಮೊದಲು ಓಡಿಸುತ್ತೇನೆ. ಮೇಲಿನ ಬಯಲಿನ ರಸ್ತೆಯಲ್ಲಿ ದೀಪ ಹೊತ್ತಿಸಿಕೊಂಡು ಹೋಗುತ್ತೇನೆ, ಏರು ಬಂದಾಗ ಆರಿಸುತ್ತೇನೆ. ಆದರೂ ಏರಿನಲ್ಲಿ ಗುರುಗುಟ್ಟುವುದು ನಿಂತಿಲ್ಲ. ಬಯಲಿನಲ್ಲೂ ಎಂಜಿನ್ ಸದ್ದು ಜೋರಾಗಿಯೇ ಇದೆ. ಆಕ್ಸಿಲರೇಟರ್ ತುಳಿಯುವುದರಲ್ಲಿ ನಾನೇ ಏನೋ ತಪ್ಪು ಮಾಡುತ್ತಿರಬೇಕು. ನಿಮ್ಮ ಪಾಠದಲ್ಲಿ ತಪ್ಪಿರಲು ಸಾಧ್ಯವಿಲ್ಲ, ಅಷ್ಟಂತೂ ನನಗೆ ಗೊತ್ತು.

ಇಳಿಜಾರಿನ ರಸ್ತೆಗೆ ಇನ್ನೂ ಕೈ ಹಾಕಿಲ್ಲ. ಮುಂದಿನ ವಾರ ಹಾಕುತ್ತೇನೆ. ಅಂಚೆಯಣ್ಣನ ಹೆಂಡತಿ ನಿನ್ನೆ ತಪಾಸಣೆಗೆ ಬಂದವಳು ಕಾರಿನ ಹಿಂದಿನ ಹಾಸಿಗೆಯನ್ನು ಕೈಯಲ್ಲಿ ಒತ್ತಿ ನೋಡಿ, "ಮೆತ್ತಗಿದೆ ಅಕ್ಕ" ಎಂದಳು.

ನಿಮ್ಮ ಸೊಸೆ


ಜುಲೈ 9

ಅತ್ತೆಯವರಿಗೆ,

ನಿನ್ನೆ ಬೆಟ್ಟ ಇಳಿದೆ. ಕಾರಿನಲ್ಲಿ ನಾನೊಬ್ಬಳೇ ಇದ್ದೆ. ಮೊದಲ ಇಳಿಜಾರಿಗೆ ಮುಂಚೆಯೇ ದೀಪ ಆರಿಸಿದ್ದೆ, ನೀವು ಬರೆದ ಹಾಗೆಯೇ. ಕಾರು ತಾನಾಗಿ ಓಡತೊಡಗಿತು. ಬ್ರೇಕು ಒತ್ತಿದಷ್ಟೂ ಒತ್ತುತ್ತಲೇ ಇರಬೇಕಾಯಿತು. ನಾಲ್ಕು ತಿರುವು ದಾಟುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಐದನೆಯ ತಿರುವಿನ ಹತ್ತಿರ ಪೆಡಲು ಮೆತ್ತಗಾಗಿ ಕಾಲ ಕೆಳಗೆ ಕುಸಿಯಿತು. ಹಿಡಿಯನ್ನು ಕೆಳಗೆ ಎಳೆದು, ಹ್ಯಾಂಡ್‌ಬ್ರೇಕ್ ಹಾಕಿ, ಕಾರನ್ನು ಗುಡ್ಡದ ಮಗ್ಗುಲಿಗೆ ಉಜ್ಜಿಸಿ ನಿಲ್ಲಿಸಿದೆ. ಮುಂದಿನ ಚಕ್ರಗಳಿಂದ ಹೊಗೆ ಬರುತ್ತಿತ್ತು. ಬಸ್ಸು ಬರುವವರೆಗೆ ಕಲ್ಲಿನ ಮೇಲೆ ಕೂತಿದ್ದೆ.

ಹಿಂದೆ ಅಂಚೆಯಣ್ಣನ ಹೆಂಡತಿ ಮಲಗಿದ್ದಿದ್ದರೆ ಏನಾಗುತ್ತಿತ್ತು? ಆವತ್ತು ಕ್ರಾಸಿನಲ್ಲಿ ನೀವು ಕೂಗಿದ್ದೇ ಸರಿ. ನನಗೆ ಗಾಡಿ ಬರುವುದಿಲ್ಲ. ಕಾರನ್ನು ಕೆಳಗೆ ಒಯ್ಯಲಿ ಎಂದು ಮೇಲಧಿಕಾರಿಗೆ ಬರೆಯುತ್ತೇನೆ.

ಸೊಸೆ


ಜುಲೈ 16

ಸೊಸೆಗೆ,

ಮೇಲಧಿಕಾರಿಗೆ ಬರೆಯಬೇಡ. ಬರೆದಿದ್ದರೆ ಹರಿ. ಅಂಚೆಗೆ ಹಾಕಿದ್ದರೆ ಅಂಚೆಯಣ್ಣನ ಚೀಲದಿಂದ ವಾಪಸ್ ತೆಗೆಸಿಕೋ. ಈ ಕಾಗದ ಪೂರ್ತಿ ಓದುವವರೆಗೆ ಕಾರು ಮುಟ್ಟಬೇಡ, ಬ್ರೇಕನ್ನು ಮೆಕ್ಯಾನಿಕ್‌ಗೆ ತೋರಿಸದೆ ಕಾರಿಗೆ ಹತ್ತಲೂಬೇಡ.

ನಿನ್ನ ಕಾಗದ ಓದಿ ನನಗೆ ಕೂರಲಾಗಲಿಲ್ಲ. ಓವರ್‌ಡ್ರೈವ್ ತೆಗೆದ ಗಾಡಿ ನಾಲ್ಕು ತಿರುವಿಗೆ ಬ್ರೇಕು ಸುಡುವುದು ಹೇಗೆ? ಬಯಲಿನಲ್ಲಿ ಎಂಜಿನ್ ಯಾಕೆ ಕೂಗಬೇಕು? ಪಕ್ಕದ ಮನೆಯ ಹಲ್ಲಿನ ಡಾಕ್ಟರಿಗೆ ಒಂದು ಆಟೊಮ್ಯಾಟಿಕ್ ಕಾರಿದೆ, ಅದರಲ್ಲೂ ಅಂಥದೇ ಗುಂಡಿ. ಕತ್ತಿಗೆ ಸ್ಕಾರ್ಫ್ ಸುತ್ತಿಕೊಂಡು, ಸ್ಲೇಟು ಹಿಡಿದು ಅವರ ಬಾಗಿಲು ಬಡಿದೆ. ನನ್ನನ್ನು ನೋಡಿ ಅವರ ಬಾಯಿಯೇ ತೆರೆದುಕೊಂಡಿತು. ಸ್ಲೇಟಿನ ಮೇಲೆ 'ಕಾರು ತೆಗಿ' ಎಂದು ಬರೆದೆ. ಪಾಪ, ಕೈ ತೊಳೆಯುತ್ತಿದ್ದ ಮನುಷ್ಯ ಹಾಗೇ ಒದ್ದೆ ಕೈಯಲ್ಲಿ ಹೊರಟ.

ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಲು ಹೇಳಿ ಗುಂಡಿ ಒತ್ತಿಸಿದೆ. ದೀಪ ಹೊತ್ತಿತು. ಹೊತ್ತಿದ ಕೂಡಲೆ ಎಂಜಿನ್ ಕೂಗಿತು. ಮತ್ತೆ ಒತ್ತಿಸಿದೆ. ದೀಪ ಆರಿತು, ಎಂಜಿನ್ ಶಾಂತವಾಯಿತು. ಆರು ಸಲವೋ ಏಳು ಸಲವೋ ಒತ್ತಿಸಿದೆ. ಡಾಕ್ಟರು, "ಅಮ್ಮಾ, ಕಾರು ಕೆಟ್ಟಿಲ್ಲ, ಚೆನ್ನಾಗೇ ಇದೆ" ಎನ್ನುತ್ತಲೇ ಇದ್ದರು.

ಓವರ್‌ಡ್ರೈವ್ ಇದ್ದಾಗ ದೀಪ ಆರಿರುತ್ತದೆ. ತೆಗೆದಾಗ ಹೊತ್ತುತ್ತದೆ. ನಾನು ನಿನಗೆ ಬರೆದದ್ದು ತಿರುಗಾ ಮುರುಗಾ. ನಾನು ಒಂದು ಆಟೊಮ್ಯಾಟಿಕ್ ಕಾರನ್ನೂ ಓಡಿಸಿದವಳಲ್ಲ. ಮನೆಯಲ್ಲಿ ಸ್ವಿಚ್ಚು ಹಾಕಿದರೆ ದೀಪ ಹೊತ್ತುತ್ತದಲ್ಲ, ಇದೂ ಹಾಗೇ ಇರಬೇಕೆಂದು ಕುರ್ಚಿಯಲ್ಲಿ ಕೂತು ಊಹಿಸಿದೆ. 'ಗೊತ್ತಿಲ್ಲ, ನೋಡಿ ಬರೆಯುತ್ತೇನೆ' ಎನ್ನುವ ಒಂದು ಸಾಲು ಬರೆಯಲು ನನ್ನ ಕೈ ಬರಲಿಲ್ಲ. ಆ ಸೊಕ್ಕಿಗೆ ನೀನು ಗುಡ್ಡಕ್ಕೆ ಉಜ್ಜಿಕೊಂಡು ನಿಂತೆ. ತಪ್ಪು ನನ್ನದು. ನಿನ್ನದು ಒಂದಿಷ್ಟೂ ಅಲ್ಲ.

ಇನ್ನು ಕೇಳು. ಬ್ರೇಕು ಸತ್ತ ಮೇಲೆ ಹಿಡಿಯನ್ನು ಕೆಳಗೆ ಎಳೆಯಬೇಕು, ಹ್ಯಾಂಡ್‌ಬ್ರೇಕ್ ಹಾಕಬೇಕು, ಕಣಿವೆಯ ಕಡೆಗಲ್ಲದೆ ಗುಡ್ಡದ ಕಡೆಗೆ ತಿರುಗಿಸಬೇಕು ಎಂದು ನಿನಗೆ ಯಾರೂ ಕಲಿಸಿಲ್ಲ. ನಾನೂ ಕಲಿಸಿಲ್ಲ. ಆ ಗಳಿಗೆಯಲ್ಲಿ ಮೂರನ್ನೂ ನೀನೇ ಮಾಡಿದೆ. ಗಾಡಿ ಬರದವಳು ಸ್ಟೀರಿಂಗ್ ಬಿಟ್ಟು ಕಿರುಚುತ್ತಾಳೆ. ನಿನಗೆ ಗಾಡಿ ಬರುತ್ತದೆ.

ದೀಪ ಹೊತ್ತಿದರೆ ಮೂರನೇ ಗೇರು. ಏರಿಗೆ, ಇಳಿಜಾರಿಗೆ ಹೊತ್ತಿರಲಿ. ಸಮ ರಸ್ತೆಗೆ ಆರಿರಲಿ. ಇದನ್ನು ಕಾರಿನ ಮುಂದೆ ಬರೆದು ಅಂಟಿಸು.

ಅತ್ತೆ


ಆಗಸ್ಟ್ 2

ಸೊಸೆಗೆ,

ಉತ್ತರ ಇಲ್ಲ. ಗೇಟಿನ ಹತ್ತಿರ ಸದ್ದಾದಾಗಲೆಲ್ಲ ನಿನ್ನ ಗಂಡನನ್ನು ಎಬ್ಬಿಸಿ ಕಳಿಸುತ್ತೇನೆ. ಅವನು ಹೊಲಿಯುತ್ತಿದ್ದ ರವಿಕೆಯ ತೋಳನ್ನು ಎರಡು ಸಲ ತಿರುವುಮುರುವಾಗಿ ಹೊಲಿದಿದ್ದಾನೆ, ತಾಯಿಯ ಹಾಗೆ ಮಗ.

ಕೋಪ ಬಂದಿದ್ದರೆ ಬೈದು ಬರೆ. ನನ್ನನ್ನು ಬೈದು ಗೊತ್ತಿಲ್ಲ ನಿನಗೆ, ಈಗ ಕಲಿತುಕೋ. ಏನಾದರೂ ಬರೆ.

ಅತ್ತೆ


ಆಗಸ್ಟ್ 8

ಅತ್ತೆಯವರಿಗೆ,

ಕೋಪ ಬಂದಿತ್ತು. ನಿಮ್ಮ ಕಾಗದ ಮೊದಲ ಸಲ ಓದಿದಾಗ ಔಷಧಿ ಕೋಣೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ನಾನು ಬೆಟ್ಟದಿಂದ ಉರುಳಿ ಹೋಗಬಹುದಿತ್ತಲ್ಲ ಎಂದು ಸಿಟ್ಟು. ಎರಡನೆಯ ಸಲ ಓದಿದಾಗ 'ನಿನಗೆ ಗಾಡಿ ಬರುತ್ತದೆ' ಎಂಬ ಸಾಲಿನ ಹತ್ತಿರ ನಿಂತೆ. ಆ ಸಾಲಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ ಎಂದು ನನಗೇ ಗೊತ್ತಿರಲಿಲ್ಲ.

ಬ್ರೇಕು ಹೊಸದು ಹಾಕಿಸಲು ಇಷ್ಟು ದಿನ ಹಿಡಿಯಿತು, ಸಾಮಾನು ಕೆಳಗಿನಿಂದ ಬರಬೇಕಿತ್ತು. ಸುಮ್ಮನೆ ಏನು ಬರೆಯುವುದು, ಓಡಿಸಿ ನೋಡಿಯೇ ಬರೆಯೋಣ ಎಂದು ಕಾದೆ. ಇವತ್ತು ಏರು ಹತ್ತಿಸಿದೆ. ದೀಪ ಹೊತ್ತಿಸಿಕೊಂಡು. ಒಂದೇ ಸದ್ದು, ಮೊದಲಿಂದ ಕೊನೆಯವರೆಗೆ! ನಾನು ಕಾರಿನಲ್ಲೇ ಜೋರಾಗಿ ನಕ್ಕುಬಿಟ್ಟೆ. ಬಯಲಿಗೆ ಬಂದು ದೀಪ ಆರಿಸಿದರೆ ಎಂಜಿನ್ ಎಲ್ಲಿ ಹೋಯಿತೋ ಎನ್ನುವಷ್ಟು ನಿಶ್ಶಬ್ದ.

ಮೇಲಧಿಕಾರಿಗೆ ಬರೆದಿರಲಿಲ್ಲ. ಸೆಪ್ಟೆಂಬರ್ ಮೊದಲ ವಾರ ಪರೀಕ್ಷೆ. ಬೆಟ್ಟದ ತುದಿಯಿಂದ ಆಸ್ಪತ್ರೆಯ ಗೇಟಿನವರೆಗೆ ಇಳಿಸಬೇಕು. ರೋಗಿಯನ್ನು ಒಯ್ಯುವ ಕಾರಾದ್ದರಿಂದ ಹಿಂದೆ ಒಬ್ಬರು ಮಲಗಿರಬೇಕಂತೆ, ಅವರಿಗೆ ಕುಲುಕಾಟ ಆಗಬಾರದಂತೆ. ಆದರೆ ಅತ್ತೆ, ಇಳಿಜಾರಿನ ತುದಿಗೆ ಹೋಗಿ ಎರಡು ಸಲ ವಾಪಸ್ ಬಂದೆ. ಅಲ್ಲಿಂದ ಆ ಐದನೆಯ ತಿರುವು ಕಾಣುತ್ತದೆ. ಕಾಲು ಆಕ್ಸಿಲರೇಟರ್ ಮೇಲೆ ಹೋಗುವುದಿಲ್ಲ.

ನೀವು ಬರುತ್ತೀರಾ? ಹೊರಗೆ ಹೊರಡುವುದು ನಿಮಗೆ ಕಷ್ಟ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ.

ನಿಮ್ಮ ಸೊಸೆ


ಆಗಸ್ಟ್ 13

ಸೊಸೆಗೆ,

ಸೋಮವಾರದ ಬಸ್ಸಿಗೆ ಬರುತ್ತೇನೆ. ಬಸ್ಸಿನಲ್ಲಿ ಜನ ಕತ್ತು ನೋಡುತ್ತಾರೆ, ನೋಡಲಿ. ನಿನ್ನ ಗಂಡ ಹೂವಿನ ಸ್ಕಾರ್ಫ್ ಹೊಲಿದುಕೊಟ್ಟಿದ್ದಾನೆ, ಅದನ್ನೂ ನೋಡಿದ ಹಾಗಾಗುತ್ತದೆ.

ಪಕ್ಕದಲ್ಲಿ ಕೂರುತ್ತೇನೆ. ಕೂಗಲು ಆಗುವುದಿಲ್ಲ, ಅಷ್ಟರಮಟ್ಟಿಗೆ ನಿನ್ನ ಅದೃಷ್ಟ. ನನ್ನ ಹಳೆಯ ಕಾರಿನ ಕೀ ತರುತ್ತೇನೆ. ಡ್ಯಾಶ್‌ಬೋರ್ಡಿನ ಮೇಲೆ ಒಂದು ಸಲ ತಟ್ಟಿದರೆ ಓವರ್‌ಡ್ರೈವ್ ತೆಗೆ, ದೀಪ ಹೊತ್ತಬೇಕು. ಎರಡು ಸಲ ತಟ್ಟಿದರೆ ಹಾಕು. ಮೂರು ಸಲ ತಟ್ಟಿದರೆ ಹಿಡಿಯನ್ನು ಎರಡಕ್ಕೆ ಎಳೆ. ಅದಕ್ಕಿಂತ ಹೆಚ್ಚು ತಟ್ಟಿದರೆ ನಾನು ಬೈಯುತ್ತಿದ್ದೇನೆ ಎಂದು ಅರ್ಥ ಮಾಡಿಕೊಂಡು ಮುಂದೆ ಹೋಗು.

ಮಲಗಲು ಮಂಚ ಬೇಡ. ಕೈ ಇರುವ ಒಂದು ಕುರ್ಚಿ ಸಾಕು.

ಅತ್ತೆ


ಸೆಪ್ಟೆಂಬರ್ 17

ಅತ್ತೆಯವರಿಗೆ,

ನೀವು ಊರಿಗೆ ಹೋದ ಮೇಲೆ ಇಲ್ಲಿ ತುಂಬ ಬಿಕೋ ಎನ್ನುತ್ತಿದೆ. ತುಟಿ ಪಿಟಕ್ಕೆನ್ನದ ನಿಮ್ಮಿಂದ ಮನೆ ಇಷ್ಟು ತುಂಬಿತ್ತೆಂದು ಹೇಳಿದರೆ ಯಾರೂ ನಂಬುವುದಿಲ್ಲ. ನಿಮ್ಮ ಕುರ್ಚಿಯನ್ನು ಇನ್ನೂ ಗೋಡೆಯ ಹತ್ತಿರದಿಂದ ಎತ್ತಿಟ್ಟಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ನಿಮ್ಮ ಕೀ ಮಾಡಿದ ಗೀರುಗಳು ಹಾಗೇ ಇವೆ. ಮೊದಲ ದಿನದವು ಒಂದರ ಮೇಲೊಂದು, ಯಾವುದು ಓವರ್‌ಡ್ರೈವೋ ಯಾವುದು ಬೈಗುಳವೋ ಗೊತ್ತಾಗುವುದಿಲ್ಲ.

ಮೊದಲು ಸಂತೋಷದ ಸುದ್ದಿ. ಮೊನ್ನೆ ಮಧ್ಯಾಹ್ನ ಅಂಚೆಯಣ್ಣ ಓಡಿ ಬಂದರು. ಅವರ ಹೆಂಡತಿಯನ್ನು ನಾನೇ ಇಳಿಸಿಕೊಂಡು ಹೋದೆ. ಮೊದಲ ಇಳಿಜಾರಿಗೆ ಮುಂಚೆಯೇ ದೀಪ ಹೊತ್ತಿಸಿದೆ. ಐದನೆಯ ತಿರುವಿಗೆ ಸಾಕಷ್ಟು ಮುಂಚೆ ಹಿಡಿಯನ್ನು ಎರಡಕ್ಕೆ ಎಳೆದೆ. ಬ್ರೇಕನ್ನು ಅಲ್ಲೊಂದು ಇಲ್ಲೊಂದು ಕಡೆ ಮುಟ್ಟಿದ್ದಷ್ಟೇ. ಬುಡಕ್ಕೆ ಬಂದು ದೀಪ ಆರಿಸಿ ನೇರ ಆಸ್ಪತ್ರೆಗೆ ಬಿಟ್ಟೆ. ಎರಡೂ ಹೆಣ್ಣು. ಮೂವರೂ ಚೆನ್ನಾಗಿದ್ದಾರೆ. ಅಂಚೆಯಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತರು. ಕಾರು ಬೆಟ್ಟದ ಮೇಲೆಯೇ ಇರಲಿ ಎಂದು ಆದೇಶ ಬಂದಿದೆ.

ಈಗ ನಾನು ಕೇಳಬೇಕಾದದ್ದು. ಪರೀಕ್ಷೆಯ ದಿನ ಅಧಿಕಾರಿ ಮುಂದೆ ಕೂತರು. ರೋಗಿಯಾಗಿ ಯಾರು ಮಲಗುತ್ತೀರಿ ಎಂದಾಗ ನೀವು ಸ್ಲೇಟಿನ ಮೇಲೆ 'ನಾನು' ಎಂದು ಬರೆದು ಅವರ ಮೂಗಿಗೆ ಹಿಡಿದಿರಿ. ಮಲಗುವುದೆಂದರೆ ನಿಮಗೆ ಏನು ಎಂದು ನನಗೆ ಗೊತ್ತಿತ್ತು. ಬೇಡ ಎನ್ನಲು ಬಾಯಿ ತೆರೆದೆ, ನೀವು ಕೀಯಿಂದ ಕಿಟಕಿಯ ಗಾಜಿಗೆ ಟಪಟಪನೆ ತಟ್ಟಿದಿರಿ. ಅದು ಬೈಗುಳ ಎಂದು ತಿಳಿದು ಮುಂದೆ ಹೋದೆ.

ಅವತ್ತು ಐದನೆಯ ತಿರುವಿನಲ್ಲಿ ನಾನು ತಡ ಮಾಡಿದೆ. ಎರಡಕ್ಕೆ ಮೊದಲೇ ಎಳೆಯಬೇಕಿತ್ತು, ತಿರುವಿನೊಳಗೆ ಹೋದ ಮೇಲೆ ಎಳೆದೆ. ಅಧಿಕಾರಿಗೆ ತಿಳಿಯಲಿಲ್ಲ. ನಿಮಗೆ ತಿಳಿಯದೆ ಇರಲು ಸಾಧ್ಯವೇ ಇಲ್ಲ. ಗಾಜಿನ ಮೇಲೆ ಮೂರು ಸಲ ಸದ್ದಾಗುತ್ತದೆಂದು ಕಿವಿ ಹಿಂದೆಯೇ ಇತ್ತು. ಸದ್ದಾಗಲಿಲ್ಲ. ಬುಡಕ್ಕೆ ಬಂದಾಗ ಅಧಿಕಾರಿ ಹಿಂತಿರುಗಿ ನೋಡಿ, "ಪೇಷೆಂಟ್ ಕಣ್ಣು ಮುಚ್ಚಿಬಿಟ್ಟಿದಾರಲ್ರೀ" ಎಂದರು. ಓಡಿ ಬಂದು ಹಿಂದಿನ ಬಾಗಿಲು ತೆಗೆದೆ. ಹೂವಿನ ಸ್ಕಾರ್ಫ್ ಸಣ್ಣಗೆ ಏರಿಳಿಯುತ್ತಿತ್ತು. ನೀವು ಎದ್ದು ಕೂತು ಸ್ಲೇಟಿನ ಮೇಲೆ 'ರೋಗಿಯ ಪಾತ್ರ' ಎಂದು ಬರೆದಿರಿ. ಅಧಿಕಾರಿ ನಕ್ಕು ಸಹಿ ಹಾಕಿದರು.

ನಾನು ಪಾಸಾಗಲಿ ಎಂದು ನೀವು ಬೇಕೆಂದೇ ತಟ್ಟದೆ ಉಳಿದಿರಾ? ನೀವು ಯಾರ ತಪ್ಪನ್ನೂ ನೋಡಿ ಸುಮ್ಮನಿದ್ದವರಲ್ಲ. ನನ್ನ ವಿಷಯದಲ್ಲಿ ಮಾತ್ರ ಸುಮ್ಮನಿರುವುದು ನನಗೆ ಬೇಡ. ಅಂಥ ಪಾಸು ಬೇಡವೇ ಬೇಡ. ನಿಜ ಬರೆಯಿರಿ.

ನಿಮ್ಮ ಸೊಸೆ


ಸೆಪ್ಟೆಂಬರ್ 24

ಸೊಸೆಗೆ,

ಎರಡು ಹೆಣ್ಣುಮಕ್ಕಳಿಗೂ ಅವರ ತಾಯಿಗೂ ನನ್ನ ಆಶೀರ್ವಾದ ತಿಳಿಸು. ದೊಡ್ಡವರಾದ ಮೇಲೆ ಇಬ್ಬರನ್ನೂ ನನ್ನ ಹತ್ತಿರ ಕಳಿಸಲಿ. ಮೊದಲು ಕ್ಲಚ್ ಇರುವ ಕಾರಿನಲ್ಲೇ ಕಲಿಯಬೇಕು, ಆ ಮಾತಿನಲ್ಲಿ ರಾಜಿ ಇಲ್ಲ.

ನೀನು ಕೇಳಿದ್ದಕ್ಕೆ ನಿಜವನ್ನೇ ಬರೆಯುತ್ತೇನೆ. ಆವತ್ತು ಐದನೆಯ ತಿರುವು ಬಂದದ್ದೇ ನನಗೆ ಗೊತ್ತಿಲ್ಲ. ಮೊದಲನೆಯದು ಗೊತ್ತು, ಎರಡನೆಯದೂ ಗೊತ್ತು. ಮಲಗಿದ ಕೂಡಲೆ ಎಂದಿನ ಹಾಗೆ ಉಸಿರು ಎಲ್ಲಿ ನಿಂತೀತೋ ಎಂದು ಕತ್ತಿನ ಮೇಲೆ ಕೈ ಇಟ್ಟುಕೊಂಡಿದ್ದೆ. ಇನ್ನೊಂದು ಕೈಯಲ್ಲಿ ಕೀ ಇತ್ತು. ಬೆನ್ನ ಕೆಳಗೆ ಮೂರನೇ ಗೇರು ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಗಾಡಿ ಎಲ್ಲೂ ಜಗ್ಗಲಿಲ್ಲ, ಎಲ್ಲೂ ನುಗ್ಗಲಿಲ್ಲ. ಇನ್ನು ನಾನು ಕಾಯುವ ಅಗತ್ಯವಿಲ್ಲ, ಕಾಯುವವಳು ಮುಂದೆ ಕೂತಿದ್ದಾಳೆ ಎನ್ನಿಸಿತು. ಮೂರನೆಯ ತಿರುವು ಬರುವುದರೊಳಗೆ ನಿದ್ದೆ ಹೋದೆ.

ಪಾತ್ರವೂ ಇಲ್ಲ, ನಾಟಕವೂ ಇಲ್ಲ. ಅಧಿಕಾರಿಯ ಎದುರು ಮಾನ ಉಳಿಸಿಕೊಳ್ಳಲು ಹಾಗೆ ಬರೆದೆ. ಕಲಿಯುವವರ ಗಾಡಿಯಲ್ಲಿ ಕೂತು ನಾನು ಇಷ್ಟು ವರ್ಷದಲ್ಲಿ ರೆಪ್ಪೆ ಮುಚ್ಚಿದವಳಲ್ಲ. ಆಪರೇಷನ್ ಆದ ಮೇಲೆ ಬೆನ್ನು ಚಾಚಿ ನಿದ್ದೆ ಮಾಡಿದ್ದು ಕೂಡ ಅದೇ ಮೊದಲು. ಮನೆಗೆ ಬಂದ ದಿನ ಹೆದರುತ್ತ ಹೆದರುತ್ತ ಮಂಚದ ಮೇಲೆ ಮಲಗಿ ನೋಡಿದೆ, ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಈಗ ಆ ಕುರ್ಚಿಯ ಮೇಲೆ ನಿನ್ನ ಗಂಡ ಹೊಲಿದ ಬಟ್ಟೆ ಪೇರಿಸಿಡುತ್ತಾನೆ.

ಕಾರಿನ ಹೊದಿಕೆ ತೆಗೆಸಿದ್ದೇನೆ. ಬ್ಯಾಟರಿ ಸತ್ತಿತ್ತು, ಹೊಸದು ಹಾಕಿಸಿದೆ. ಸೋಮವಾರದಿಂದ ಹಲ್ಲಿನ ಡಾಕ್ಟರ ಹೆಂಡತಿ ಕಲಿಯಲು ಬರುತ್ತಾಳೆ. ಬಾಯಿಲ್ಲದವರು ಹೇಗೆ ಕಲಿಸುತ್ತೀರಿ ಎಂದು ಅವಳು ಕೇಳಿದಳು, ಕೀ ತೋರಿಸಿದೆ. ಡ್ಯಾಶ್‌ಬೋರ್ಡಿಗೆ ದಪ್ಪ ರಬ್ಬರ್ ಅಂಟಿಸಿಕೊಂಡಿದ್ದೇನೆ.

ಐದನೆಯ ತಿರುವಿನಲ್ಲಿ ತಡ ಮಾಡಿದೆ ಎಂದು ನೀನೇ ಒಪ್ಪಿಕೊಂಡಿದ್ದೀಯ. ಮೊನ್ನೆ ಸರಿ ಮಾಡಿದೆ. ಇನ್ನು ಮುಂದೆ ಯಾವತ್ತೂ ತಡ ಮಾಡಬೇಡ. ರಜೆಗೆ ಬಂದಾಗ ಮಾರ್ಕೆಟ್ ಕ್ರಾಸಿನಲ್ಲಿ ಒಂದು ಸುತ್ತು ಹೋಗೋಣ, ನೀನು ಓಡಿಸು, ನಾನು ಹಿಂದಿನ ಸೀಟಿನಲ್ಲಿ ಮಲಗಿರುತ್ತೇನೆ.

ಹಾರ್ನಮ್ಮ